ಕೂಡುಹೊಲ ಒಡೆದ ವರ್ಷ

ಕಮಲಾಪುರದಲ್ಲಿ ಖಂಡೆಪ್ಪ ಎಂದರೆ ಯಾವ ಖಂಡೆಪ್ಪ ಎಂದು ಕೇಳುತ್ತಿದ್ದರು. ಚೀನಾ ಖಂಡೆಪ್ಪ ಎಂದರೆ ನೇರ ಮನೆಗೆ ಕರೆದೊಯ್ದು ಬಿಡುತ್ತಿದ್ದರು. ಚೀನಾ ಇರಲಿ, ಅವನು ಸೊಲ್ಲಾಪುರದಾಚೆ ಕಾಲಿಟ್ಟವನಲ್ಲ. ಆದರೆ ಕಲಬುರ್ಗಿಗೆ ಹೋದಾಗಲೆಲ್ಲ ಕೋಟೆಯ ಹತ್ತಿರ ಕರೀಂಸಾಬ್ ಎಂಬ ದರ್ಜಿಯ ಅಂಗಡಿಯಲ್ಲಿ ಕೂತು ಬರುತ್ತಿದ್ದ. ಕರೀಂಸಾಬರು ಕಮ್ಯುನಿಸ್ಟ್ ಪಾರ್ಟಿಯ ಹಳೆಯ ಮನುಷ್ಯ. ಹೈದರಾಬಾದಿನಿಂದ ಬರುವ ಉರ್ದು ಪತ್ರಿಕೆಯನ್ನು ಹೊಲಿಗೆ ಯಂತ್ರದ ಮೇಲೆ ಹರವಿ ಅದರಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಚೀನಾದ ರೈತರು ಜಮೀನ್ದಾರರನ್ನು ಇಳಿಸಿದ್ದು, ಹೊಲಗಳ ನಡುವಿನ ಬದು ಕಿತ್ತು ಒಂದು ಮಾಡಿದ್ದು, ಊರಿಗೆ ಊರೇ ಕೂಡಿ ದುಡಿದದ್ದು. ಅದೇ ಊರುಗಳಲ್ಲಿ ಜನ ಹಸಿದು ಸತ್ತ ವರ್ಷಗಳ ಮಾತನ್ನು ಮಾತ್ರ ಅವರು ಎತ್ತುತ್ತಿರಲಿಲ್ಲ. ಅದು ಖಂಡೆಪ್ಪನಿಗೆ ತಿಳಿದದ್ದು ಬಹಳ ತಡವಾಗಿ.

ಕೇಳಿದ್ದನ್ನು ಕೇಳಿ ಬಿಡುವ ಮನುಷ್ಯ ಅವನಲ್ಲ. ಎಪ್ಪತ್ತೈದರ ಸುಮಾರಿಗೆ ಊರ ಮೂಡಣದಲ್ಲಿ ತನ್ನ ಹೊಲಕ್ಕೆ ಹೊಂದಿಕೊಂಡ ಹೊಲಗಳ ನಾಲ್ಕು ಮನೆಗಳವರನ್ನು ಕಾಡಿ ಬೇಡಿ ಕೂಡು ಬೇಸಾಯಕ್ಕೆ ಒಪ್ಪಿಸಿದ. ಅವರಲ್ಲಿ ದೊಡ್ಡ ಹಿಡುವಳಿ ಅಣವೀರಪ್ಪನದು. ಬಾವಿಯೂ ಅವನದೇ. ಮಕ್ಕಳು ಸಣ್ಣವರು, ದುಡಿಯುವ ಆಳು ಸಾಲದು ಎಂದು ಅವನೂ ಹೂಂ ಎಂದ.

ಆಗ ಖಂಡೆಪ್ಪ ಇನ್ನೊಂದು ಮಾತು ಸೇರಿಸಿದ. ಗಂಡ ಸತ್ತ ದುಂಡಮ್ಮನೂ ಇದರಲ್ಲಿ ಇರಬೇಕು.

"ಅಕೀಗಿ ಗೇಣು ಭೂಮಿ ಇಲ್ಲಲ್ಲೋ," ಎಂದ ಅಣವೀರಪ್ಪ.

"ಕೈ ಅದಾವಲ್ಲ. ದುಡಿಯೋ ಕೈಗೂ ಒಂದ್ ಪಾಲು. ಇಲ್ಲಂದ್ರ ಇದು ಕೂಡುಹೊಲ ಹೆಂಗಾಗತದ?"

ಗೊಣಗುತ್ತಲೇ ಒಪ್ಪಿದರು. ಬಾವಿಯ ಸುತ್ತ ಕೆಂಪು ಬಾಳೆ ಹಚ್ಚಿದರು. ಅಲ್ಲಿಯವರೆಗೆ ಕಂಡವರ ಹೊಲದಲ್ಲಿ ಕೂಲಿ ಮಾಡಿದ್ದ ದುಂಡಮ್ಮ ಗೊನೆಗೆ ಊರುಗೋಲು ಕೊಡುವುದರಲ್ಲಿ, ಕಂದು ಕಿತ್ತು ನೆಡುವುದರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಕಲಬುರ್ಗಿಯ ಮಾರುಕಟ್ಟೆಯಲ್ಲಿ ಯಾರಾದರೂ ಹಣ್ಣು ಎಲ್ಲಿಯದೆಂದು ಕೇಳಿದರೆ "ನಮ್ಮ ಹೊಲದ್ದು ರೀ" ಎನ್ನುವಳು. ಹಾಗೆ ಹೇಳುವಾಗ ಸೆರಗು ಸರಿಮಾಡಿಕೊಳ್ಳುವಳು. ಅದನ್ನು ಕಂಡಾಗಲೆಲ್ಲ ಖಂಡೆಪ್ಪನಿಗೆ ಕರುಳು ತಣ್ಣಗಾಗುತ್ತಿತ್ತು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಕರೀಂಸಾಬರ ಅಂಗಡಿಗೆ ಹೋದಾಗ ಅವರು ಯಂತ್ರ ತುಳಿಯುತ್ತಿರಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಖಂಡೆಪ್ಪಾ, ಚೀನಾದಾಗ ಕೂಡುಹೊಲ ಒಡದಾರ. ಕಮ್ಯೂನು ಖತಂ. ಮನಿಮನಿಗೆ ಬ್ಯಾರೆ ಬ್ಯಾರೆ ಹೊಲ ಕೊಟ್ಟಾರಂತ."

"ಯಾರು ಕೊಟ್ಟಾರ್ರಿ? ವೈರಿಗಳು ಬಂದು ಗೆದ್ರೇನು?"

"ಇಲ್ಲ ಭಾಯಿ. ಪಾರ್ಟೀನೇ ಕೊಟ್ಟದ. ಬೆಳಿ ಹೆಚ್ಚಾಗತದಂತ."

ಖಂಡೆಪ್ಪ ಮತ್ತೇನೂ ಕೇಳದೆ ಎದ್ದು ಬಂದ. ಸುದ್ದಿಯನ್ನು ನುಂಗಿಕೊಂಡಿದ್ದರೆ ಕಮಲಾಪುರದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಚೀನಾದ ಒಳ್ಳೆಯದನ್ನೆಲ್ಲ ಬಾವಿಕಟ್ಟೆಯ ಮೇಲೆ ಕೂತು ಹೇಳಿದವನು ಇದೊಂದನ್ನು ಮುಚ್ಚಿಡುವುದು ಹೇಗೆ? ಮರುದಿನ ಎಲ್ಲರೂ ಬುತ್ತಿ ಬಿಚ್ಚಿದಾಗ ಹೇಳಿಬಿಟ್ಟ.

ಅಣವೀರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನ ಮಕ್ಕಳು ಈಗ ಮೀಸೆ ಬಂದವರಾಗಿದ್ದರು. ನಮ್ಮ ಹೊಲ ನಮಗೆ ಬಿಡಿಸಿಕೊಡು ಎಂದು ಮನೆಯಲ್ಲಿ ದಿನಾ ಕಿಟಿಕಿಟಿ.

"ಹಚ್ಚಿಕೊಟ್ಟವರೇ ಒಡದಾರ ಅಂದ ಮ್ಯಾಲ ನಮ್ದೇನದ ಖಂಡೆಪ್ಪಾ? ನಾವೂ ಒಡೆಯೂಣು. ಜಗಳಿಲ್ಲ, ತಂಟಿಲ್ಲ. ಯಾರ ಪಟ್ಟಾ ಅವರಿಗಿ."

ಉಳಿದವರು ತಲೆ ತಗ್ಗಿಸಿದರು. ಖಂಡೆಪ್ಪನ ಬಾಯಿ ಕಟ್ಟಿದ್ದೇ ಅವನು ತಂದ ಸುದ್ದಿ.

ಮಳೆ ಬೀಳುವ ಮೊದಲೇ ಹಗ್ಗ ಹಿಡಿದು ಅಳೆದು ಕಲ್ಲು ಹುಗಿದರು. ದುಂಡಮ್ಮ ಬಾಳೆಯ ನಡುವೆ ನಿಂತು ನೋಡುತ್ತಿದ್ದಳು. ಕೊನೆಯ ಕಲ್ಲು ಹುಗಿದ ಮೇಲೆ ಮೆಲ್ಲಗೆ ಕೇಳಿದಳು:

"ಅಣ್ಣಾ, ನನ್ನ ಕಲ್ಲು ಎಲ್ಲಿ ಹುಗೀತೀರಿ?"

ಅಣವೀರಪ್ಪ ಹಗ್ಗ ಸುತ್ತತೊಡಗಿದ. ಅವಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರ ಕಡೆ ನಡೆದಳು. ಶ್ರಾವಣದ ಹೊತ್ತಿಗೆ ಮಗಳನ್ನು ಕರೆದುಕೊಂಡು ಕಲಬುರ್ಗಿಯ ಮಗ್ಗುಲಿನ ನಂದೂರಿಗೆ ಹೋಗಿ ಒಂದು ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಕೂಲಿಗೆ ಸೇರಿದಳು.

ಖಂಡೆಪ್ಪ ಕರೀಂಸಾಬರ ಕಡೆ ಹೋಗುವುದನ್ನು ಬಿಟ್ಟಿದ್ದ. ದೀಪಾವಳಿ ಕಳೆದ ಮೇಲೆ ಹೋದಾಗ ನಡೆದದ್ದನ್ನೆಲ್ಲ ಹೇಳಿದ. ಕರೀಂಸಾಬರು ಕತ್ತರಿ ಕೆಳಗಿಟ್ಟರು.

"ಯಾರ ಪಟ್ಟಾ ಅವರಿಗಾ? ಅಲ್ಲಿ ಹಂಗ ಆಗಿಲ್ಲೋ! ಅಲ್ಲಿ ಪಟ್ಟಾ ಅಂಬೋದೇ ಇಲ್ಲ. ಭೂಮಿ ಊರಿಂದೇ. ಮನ್ಯಾಗ ಎಷ್ಟು ಮಂದಿ ಇದ್ದಾರ, ಎಷ್ಟು ಕೈ ದುಡಿತಾವ ನೋಡಿ ಹಂಚ್ಯಾರ. ದುಂಡಮ್ಮನಂಥಾಕೀಗೂ ಪಾಲು ಬರತದ."

ಖಂಡೆಪ್ಪ ಅಂಗಡಿಯ ಕಂಬ ಹಿಡಿದು ಕೂತ.

"ಅವತ್ತೇ ಯಾಕ ಹೇಳಲಿಲ್ಲ ರೀ?"

"ನೀ ಕೇಳಲಿಲ್ಲ. ನನಗೂ ಅವತ್ತ ದಿಲ್ ಇರಲಿಲ್ಲ," ಎಂದರು ಕರೀಂಸಾಬರು.

ಊರಿಗೆ ಬಂದವನೇ ಅಣವೀರಪ್ಪನ ಮುಂದೆ ಆ ಮಾತು ಇಟ್ಟ. ಅಣವೀರಪ್ಪ ಸಿಟ್ಟಾಗಲಿಲ್ಲ. "ಈಗ ಬದುವಿನ ಮ್ಯಾಲ ಹುಲ್ಲು ಬೆಳದದ, ಬಿಡೋ," ಎಂದಷ್ಟೇ ಹೇಳಿ ಎತ್ತು ಹೊಡೆದುಕೊಂಡು ಹೋದ.

ಮರುವಾರ ಖಂಡೆಪ್ಪ ನಂದೂರಿಗೆ ಹೋದ. ಮಿಲ್ಲಿನ ಗೇಟಿನ ಹೊರಗೆ ದುಂಡಮ್ಮ ಬಂದು ನಿಂತಳು. ಹುಬ್ಬು, ರೆಪ್ಪೆ, ತಲೆಗೂದಲ ಮೇಲೆಲ್ಲ ತೊಗರಿಯ ಹೊಟ್ಟು.

"ದುಂಡವ್ವಾ, ನನ್ನ ಹೊಲದಾಗ ಅರ್ಧ ನಿನ್ನ ಹೆಸರಿಗಿ ಹಚ್ಚತೇನಿ. ಮನ್ಯಾಗೂ ಹೂಂ ಅಂದಾರ. ಬಾ, ಊರಿಗಿ ಹೋಗೂಣು."

ಅವಳು ರೆಪ್ಪೆಯ ಮೇಲಿನ ಹೊಟ್ಟು ಒರೆಸಿಕೊಂಡಳು. "ಆಗ ನಂದು ಪಾಲಿತ್ತು ಅಣ್ಣಾ. ಈಗ ನೀ ಕೊಡೋದು ದಾನ ಆಗತದ. ದಾನದ ಹೊಲದಾಗ ನಿಂತು ನಮ್ಮ ಹೊಲ ಅಂತ ಹೆಂಗ ಅನ್ನಲಿ?" ಒಳಗಿನಿಂದ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಕೂಗಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಆಮೇಲೂ ಅವನು ಆಗಾಗ ಹೋಗುತ್ತಿದ್ದ. ಒಂದು ಚಿಪ್ಪು ಬಾಳೆಹಣ್ಣು ಒಯ್ದರೆ ತೆಗೆದುಕೊಳ್ಳುವಳು, ಕೆಲಸದ ಹೆಣ್ಣುಮಕ್ಕಳಿಗೆ ಹಂಚುವಳು. ಹೊಲದ ಮಾತು ಇಬ್ಬರೂ ಎತ್ತಲಿಲ್ಲ. ವರ್ಷ ವರ್ಷ ಅವಳ ಕೆಮ್ಮು ಹೆಚ್ಚುತ್ತ ಹೋಯಿತು.

ಕರೀಂಸಾಬರು ತೀರಿಕೊಂಡ ಮರುವರ್ಷ, ಎರಡು ಸಾವಿರದ ಒಂದರಲ್ಲಿ, ಕಲಬುರ್ಗಿಯಲ್ಲಿ ಪಾರ್ಟಿಯ ಸಭೆಯಿತ್ತು. ಹೊರಗಿನಿಂದ ಬಂದ ಒಬ್ಬ ಮುಖಂಡ ಚೀನಾ ನೋಡಿ ಬಂದಿದ್ದ. ಅಲ್ಲಿನ ರಸ್ತೆ, ಕಾರ್ಖಾನೆ, ಗಗನಕ್ಕೇರಿದ ಕಟ್ಟಡಗಳನ್ನು ಹೊಗಳಿದ. ಮೊದಲು ಸಂಪತ್ತು ಬೆಳೆಯಬೇಕು, ಸಮಾನತೆ ಆಮೇಲೆ ಬರುತ್ತದೆ, ಇದೂ ಸಮಾಜವಾದದ ದಾರಿಯೇ ಎಂದ. ಒಬ್ಬ ಯುವಕ ಎದ್ದು ಇದು ಬಂಡವಾಳದ ದಾರಿ, ಸರಕಾರಿ ಕಾರ್ಖಾನೆಗಳಿಂದ ಲಕ್ಷಗಟ್ಟಲೆ ಕೆಲಸಗಾರರನ್ನು ಹೊರಗೆ ಹಾಕಿದ್ದಾರೆ ಎಂದು ಕೂಗಾಡಿದ. ಗದ್ದಲವೆದ್ದಿತು. ಖಂಡೆಪ್ಪ ಕೈ ಎತ್ತಿದ.

"ಆಮ್ಯಾಲ ಬರತದ ಅಂದ್ರಲ್ರೀ, ಅಲ್ಲೀತನ ಪಾಲಿಲ್ಲದವರು ಎಲ್ಲಿ ಇರಬೇಕು?"

ಮುಖಂಡ ಒಳ್ಳೆಯ ಮನುಷ್ಯನೇ. ತುಂಬ ಹೊತ್ತು ವಿವರಿಸಿದ. ಖಂಡೆಪ್ಪನಿಗೆ ಮಾತುಗಳೆಲ್ಲ ತಿಳಿದವು, ಉತ್ತರ ಸಿಗಲಿಲ್ಲ. ಸಭೆ ಮುಗಿಯುವ ಮೊದಲೇ ಎದ್ದು ನಂದೂರಿಗೆ ಹೋದ.

ಮಿಲ್ಲಿನ ಮುಂದೆ ಕೆಲಸದ ಹೆಣ್ಣುಮಕ್ಕಳ ಜೊತೆ ಚಹಾ ಕುಡಿಯುತ್ತಿದ್ದ ರೋಷನಬಿ, ದುಂಡಮ್ಮನ ಜೊತೆಗಾತಿ, ಅವನನ್ನು ಕಂಡು ಲೋಟ ಕೆಳಗಿಟ್ಟಳು.

"ನಿಮಗ ಯಾರೂ ಹೇಳಲಿಲ್ಲೇನು ಕಾಕಾ? ದುಂಡವ್ವ ತೀರಿಹೋಗಿ ಹದಿನೈದು ದಿನ ಆಯ್ತು. ಮಗಳು ದಿನಕರ್ಮ ಮುಗಿಸಿ ಗಂಡನ ಊರಿಗಿ ಹೋದಳು."

ಅವನು ಅಲ್ಲೇ ಹೆಣ್ಣುಮಕ್ಕಳ ನಡುವೆ ಕುಕ್ಕರಿಸಿದ. ಅವರು ಸರಿದು ಜಾಗ ಕೊಟ್ಟರು.

ಸಂಜೆಯ ಬಸ್ಸಿನಲ್ಲಿ ಅಣವೀರಪ್ಪ ಕೂತಿದ್ದ. ಕಣ್ಣು ತೋರಿಸಲು ಶಹರಕ್ಕೆ ಬಂದವನು, ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡಿದ್ದ. ಖಂಡೆಪ್ಪ ಪಕ್ಕದಲ್ಲಿ ಕೂತು ಸುದ್ದಿ ಹೇಳಿದ. ಬಸ್ಸು ಶಹರ ದಾಟಿದ ಮೇಲೆ ಅಣವೀರಪ್ಪ ಕೇಳಿದ:

"ಮಣ್ಣಿಗಿ ಯಾರ್ ಹೋಗಿದ್ರು?"

"ಮಿಲ್ಲಿನ ಹೆಣ್ಣಮಕ್ಕಳು."

"ನಮ್ಮೂರವರು?"

"ಯಾರೂ ಇಲ್ಲ."

ಅಣವೀರಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಖಂಡೆಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟ. ಕಮಲಾಪುರ ಬಂದಾಗ ಕಣ್ಣು ಸರಿಯಾಗಿ ಕಾಣದ ಅವನನ್ನು ರಟ್ಟೆ ಹಿಡಿದು ಇಳಿಸಿ ಮನೆಯವರೆಗೆ ಬಿಟ್ಟು ಬಂದ.