ರುಗಿಯಾತುವಿನ ಬಟ್ಟಲು

ಫ್ರೀಟೌನಿನ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿಕ್ಕಿರಿದ ವ್ಯಾನಿನಿಂದ ರುಗಿಯಾತು ತರವಾಲಿ ಇಳಿಯುತ್ತಾಳೆ, ತಲೆಯ ಮೇಲೆ ಅಗಲವಾದ ಎನಾಮಲ್ ಬಟ್ಟಲು. ಬಿಟ್ಟಿಯಾಗಿ ಆಪರೇಷನ್ ಮಾಡುವ ಆಸ್ಪತ್ರೆ ಹಡಗು ದಡಕ್ಕೆ ಒರಗಿ ನಿಂತಿದೆ. ಕಾವಲಿನವನು ದಿನಾ ಕೇಳುವುದನ್ನೇ ಕೇಳುತ್ತಾನೆ: "ಒಳಗೆ ತಟ್ಟೆಗಳಿಲ್ವೇನಕ್ಕಾ?"

"ಇದಾವೆ. ತಟ್ಟೆ ಒಬ್ಬರಿಗೆ ಕಣೋ, ಬಟ್ಟಲು ಊರಿಗೆ," ಎಂದು ಅವಳು ಮೆಟ್ಟಿಲು ಹತ್ತುತ್ತಾಳೆ.

ಹಡಗಿನ ಡಾಕ್ಟರು, ನರ್ಸುಗಳು ಸಂಬಳವಿಲ್ಲದೆ ದುಡಿಯಲು ದೂರದೂರದಿಂದ ಬಂದವರು, ಇಲ್ಲಿಯವರಿಗೂ ಕೆಲಸ ಕಲಿಸುವವರು. ಅವರ ಫೋಟೊ ಪೇಪರಿನಲ್ಲಿ ಬರುತ್ತದೆ, ಬರಲಿ, ಬರಬೇಕಾದ್ದೇ. ರುಗಿಯಾತು ಮಾತ್ರ ಯಾವ ಫೋಟೊದಲ್ಲೂ ಇಲ್ಲ. ರೋಗಿಗಳ ಟೆಮ್ನೆ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ರೋಗಿಗಳಿಗೆ ದಾಟಿಸುವುದು ಅವಳ ಕೆಲಸ. ಎಡಗೆನ್ನೆಯ ಮೇಲಿನ ಉದ್ದನೆಯ ಗುರುತು, ಹಿಂದೊಮ್ಮೆ ಇಂಥದೇ ಹಡಗಿನಲ್ಲಿ ತೆಗೆದ ಗಡ್ಡೆಯದು.

"ಗಡ್ಡೆ ಅಷ್ಟೇನೂ ನೋಯ್ತಿರಲಿಲ್ಲ. ಮನೇಲಿ ನನ್ನ ಅನ್ನ ಬೇರೆ ಚಿಪ್ಪಲ್ಲಿ ಇಟ್ರಲ್ಲ, ಅದು ನೋಯ್ತಿತ್ತು," ಎನ್ನುತ್ತಾಳೆ. ಒಂದೇ ಬಟ್ಟಲಿನ ಸುತ್ತ ಕೂತು ಉಣ್ಣುವವರ ನಡುವೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಇವತ್ತಿನ ತಲೆನೋವು ಸಾಂತಿಗೀ, ಟೊಂಬೊ ಊರಿನ ಬೆಸ್ತ. ದವಡೆಯ ಗಡ್ಡೆ ಉಸಿರಿಗೇ ಅಡ್ಡ ಬರುತ್ತಿದೆ. ನಾಳೆ ಆಪರೇಷನ್. ಅವನೋ ಮುಖಕ್ಕೆ ಟವೆಲು ಸುತ್ತಿ, ಚೀಲ ಹೆಗಲಿಗೇರಿಸಿ ಹೊರಟು ನಿಂತಿದ್ದಾನೆ. ಈಗ ಹೋದರೆ ಮುಂದಿನ ಮಳೆಗಾಲ ಕಾಣುವುದು ಅನುಮಾನ ಎಂದು ನರ್ಸು ಅಂಗಲಾಚುತ್ತಿದ್ದಾಳೆ.

"ನಮ್ಮವ್ವನೇ ನನ್ನ ಮುಖ ನೋಡಲಾರದೆ ಆ ಕಡೆ ತಿರುಗಿ ಉಣ್ತಾಳೆ. ಇವರು ಕೊಯ್ದರೆ ಅದು ಹೋಗ್ತದಾ?" ಎನ್ನುತ್ತಾನೆ.

"ಹೋಗುವೆಯಂತೆ, ಉಂಡು ಹೋಗು. ಖಾಲಿ ಹೊಟ್ಟೇಲಿ ಕಳಿಸಿದ್ರೆ ನನ್ನ ಮಾನ ಹೋಗ್ತದೆ," ಎನ್ನುತ್ತಾಳೆ ರುಗಿಯಾತು.

ಅವಳು ಹಡಗಿನ ಅಡುಗೆಮನೆಯಿಂದ ಬಂದ ಎರಡು ಟ್ರೇಗಳ ಅನ್ನ, ಮರಗೆಣಸಿನ ಸೊಪ್ಪಿನ ಸಾರು, ಮೀನು ಎಲ್ಲವನ್ನೂ ಬಟ್ಟಲಿಗೆ ಸುರಿದು ನೆಲದ ಮೇಲೆ ಕೂರುತ್ತಾಳೆ. ಅವನು ನಿಂತೇ ಇದ್ದಾನೆ. "ಬಟ್ಟಲು ಜಾರ್ತಿದೆ ಕಣೋ, ಅಂಚು ಹಿಡಿ!" ಎಂದು ಗದರುತ್ತಾಳೆ. ಹಿರಿಯರು ಉಣ್ಣುವಾಗ ಅಂಚು ಹಿಡಿಯುವುದು ಕಿರಿಯರ ಪಾಲಿನ ಕೆಲಸ, ಒಲ್ಲೆ ಅನ್ನುವಂತಿಲ್ಲ. ಸಾಂತಿಗೀ ಕೂತು ಅಂಚು ಹಿಡಿಯುತ್ತಾನೆ. ಆಮೇಲೆ ಟವೆಲು ಸಡಿಲಿಸಿ ಒಂದು ತುತ್ತು ತೆಗೆಯುತ್ತಾನೆ. ಅವನ ಬಾಯಿಂದ ಜಾರಿದ ಅಗುಳು ಬಿದ್ದ ಕಡೆಯಿಂದಲೇ ರುಗಿಯಾತು ತನ್ನ ತುತ್ತು ಎತ್ತುತ್ತಾಳೆ. ಚೀಲ ಮತ್ತೆ ಮಂಚದ ಕೆಳಗೆ ಸೇರುತ್ತದೆ.

ಆಪರೇಷನ್ ಮುಗಿದು ಕೆಲವು ದಿನಗಳಾಗಿವೆ. ಸಾಂತಿಗೀಯ ಮುಖದ ತುಂಬ ಬ್ಯಾಂಡೇಜು, ಊಟವೆಲ್ಲ ಮೂಗಿನ ಕೊಳವೆಯಲ್ಲಿ. ಆದರೂ ಬಟ್ಟಲು ನೆಲಕ್ಕಿಟ್ಟದ್ದೇ ತಡ, ಮೆಲ್ಲಗೆ ಇಳಿದು ಬಂದು ಎಡಗೈಯಲ್ಲಿ ಅಂಚು ಹಿಡಿಯುತ್ತಾನೆ. ಊರಿಂದ ಬಂದ ತಾಯಿ ಎದುರಿಗೆ ಕೂತಿದ್ದಾಳೆ. ಆಕೆ ಈಗ ಯಾವ ಕಡೆಗೂ ತಿರುಗುವುದಿಲ್ಲ, ಅಳುತ್ತಲೇ ಉಣ್ಣುತ್ತಾಳೆ.

ಮಳೆ ಹಿಡಿಯುವ ಮೊದಲು ಹಡಗು ಹೊರಡಲಿದೆ. ಆಮೇಲೇನು ಎಂದರೆ ರುಗಿಯಾತು ನಗುತ್ತಾಳೆ. "ಹಡಗು ಅವರದು, ಹೋಗ್ತದೆ. ಬಟ್ಟಲು ನಂದಲ್ವಾ?" ಆಸೆ ಒಂದೇ ಒಂದು ಇದೆಯಂತೆ. "ಇವನ ಬಾಯಿ ವಾಸಿಯಾದ ಮೇಲೆ ಟೊಂಬೊಗೆ ಹೋಗಿ ಅವರ ಮನೇಲಿ ಒಂದೂಟ. ಅವತ್ತು ಇವನು ಉಣ್ಲಿ, ಅಂಚು ನಾನು ಹಿಡೀತೀನಿ."