ಗೋಡೆ ದಾಟುವ ನೀರು

ಅಕ್ಕ ಮಲಗಿರಬೇಕಿತ್ತು. ಅವಳಿಗಿದ್ದ ಕೆಲಸ ಅದೊಂದೇ. ಹಿಂದಿನ ಸಲ ಐದನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡಿದ್ದಳು. ಈ ಸಲ ಡಾಕ್ಟರು ಗರ್ಭದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆಯವರೆಗೆ ಹಾಸಿಗೆ ಬಿಡಬಾರದು ಎಂದಿದ್ದರು. ಊಟಕ್ಕೆ ದಿಂಬಿಗೊರಗಿ ಕೂರಬಹುದು, ಯಾರಾದರೂ ಹಿಡಿದುಕೊಂಡರೆ ಬಚ್ಚಲಿಗೆ ಹೋಗಬಹುದು. ಬಚ್ಚಲು ಕೋಣೆಗೆ ಅಂಟಿಕೊಂಡೇ ಇತ್ತು. ಮುಂಬಾಗಿಲಿಗೆ ಆರು ಮೆಟ್ಟಿಲು ಇದ್ದುದರಿಂದ ತಪಾಸಣೆಗೆ ಹೋಗುವಾಗಲೂ ಕೋಣೆಯ ಹಿಂಬಾಗಿಲಿನಿಂದಲೇ ಅವಳನ್ನು ಕಾರಿಗೆ ಹತ್ತಿಸುತ್ತಿದ್ದರು. ತೀರ್ಥಹಳ್ಳಿಯ ಆ ಬಾಡಿಗೆ ಮನೆಯಲ್ಲಿ ಅವಳ ಪಾಲಿಗೆ ಉಳಿದದ್ದು ಒಂದು ಮಂಚ ಮತ್ತು ನಾಲ್ಕು ಗೋಡೆ.

ಅಕ್ಕ ಶಾಲೆಯಲ್ಲಿ ಆಟ ಆಡಿಸುವ ಟೀಚರು. ಕೂತು ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ, ನಿಂತೇ ಊಟ ಮಾಡುವವಳು. ಎರಡನೇ ವಾರದಲ್ಲೇ ಅವಳು ಕಿಟಕಿಯ ಬಳಿ ನಿಂತಿದ್ದನ್ನು ಭಾವ ಎರಡು ಸಲ ಹಿಡಿದರು. ಎರಡು ಸಲವೂ ನನಗೆ ಫೋನು ಮಾಡಿದರು, ನಾನು ಹೇಳಿದರೆ ಕೇಳುತ್ತಾಳೆಂದು. ನಾನು ಸಾಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ನನ್ನ ಮಾತನ್ನು ಕ್ಲಾಸಿನ ಮಕ್ಕಳೇ ಕೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಸಾಗರದಿಂದ ಹೊಸನಗರಕ್ಕೆ ಒಂದು ಬಸ್ಸು, ಅಲ್ಲಿಂದ ತೀರ್ಥಹಳ್ಳಿಗೆ ಇನ್ನೊಂದು. ಭಾನುವಾರ ಸಂಜೆ ಅದೇ ದಾರಿ ವಾಪಸು. ಬಸ್ಸಿನಲ್ಲಿ ಕೂತಾಗಲೆಲ್ಲ ಫೋನನ್ನು ಕೈಯಲ್ಲೇ ಹಿಡಿದಿರುತ್ತಿದ್ದೆ. ಅದು ಬಡಿದುಕೊಂಡರೂ ಭಯ, ಸುಮ್ಮನಿದ್ದರೂ ಭಯ.

ಬೇಜಾರು ಕಳೆಯಲೆಂದು ಭಾವ ಒಂದು ಗುಂಡು ಗಾಜಿನ ಬೋಗುಣಿಯನ್ನೂ ಒಂದು ಗೋಲ್ಡ್ ಫಿಶ್ಶನ್ನೂ ತಂದು ಮಂಚದ ಪಕ್ಕ ಇಟ್ಟರು. ಮೂರೇ ದಿನಕ್ಕೆ ಅಕ್ಕ ಅದನ್ನು ತೆಗೆಯಿರಿ ಎಂದಳು. ನೀರು ತುಂಬಿದ ಗುಂಡು ಗಾಜು ಎಂದರೆ ಒಂದು ಮಸೂರವೇ. ಮೀನು ಹಿಂದಿನ ಗೋಡೆಗೆ ಸರಿದಾಗ ಅಂಗೈಯಗಲ ಕಾಣುತ್ತದೆ, ಮುಂದೆ ಬಂದಾಗ ಕುಗ್ಗುತ್ತದೆ. ಮಲಗಿದಲ್ಲಿಂದ ಅದನ್ನೇ ನೋಡುತ್ತಿದ್ದರೆ ತಲೆ ತಿರುಗುವುದು ಸಹಜ. ಬೆಳಗಿನ ಬಿಸಿಲು ಅದರೊಳಗಿಂದ ಹಾದು ಹೊದಿಕೆಯ ಮೇಲೆ ಚುಕ್ಕಿಯಾಗಿ ಬೀಳುವುದನ್ನು ನಾನು ನೋಡಿದೆ. ಬೆರಳಿಟ್ಟರೆ ಸುಡುತ್ತಿತ್ತು. ಅಕ್ಕ ಕೊಟ್ಟ ಕಾರಣ ಮಾತ್ರ ಬೇರೆ.

"ಅದೂ ಸುತ್ತಿದ್ದೇ ಸುತ್ತೋದು. ನನ್ನನ್ನೇ ಇನ್ನೊಂದ್ಸಲ ಎಂತಕ್ಕೆ ನೋಡ್ಬೇಕು ಮಾರಾಯ್ತಿ? ಬರೋದು ಹೋಗೋದು ಇರೋ ಅಂಥದ್ದು ಎಂತಾದ್ರೂ ಮಾಡು."

ಚಾವಣಿಗೆ ತೊಟ್ಟಿ ತೂಗುಹಾಕಲಾಗುತ್ತದೆಯೇ ಎಂದೂ ಕೇಳಿದಳು. ಒಂದು ಲೀಟರು ನೀರೆಂದರೆ ಒಂದು ಕಿಲೋ, ಎರಡಡಿ ತೊಟ್ಟಿಗೆ ಐವತ್ತು ಅರವತ್ತು ಕಿಲೋ ಆಗುತ್ತದೆ, ಈ ಮನೆಯ ಹಳೇ ತೊಲೆಗಳನ್ನು ನಾನು ನಂಬುವುದಿಲ್ಲ ಎಂದೆ. ಬಿದ್ದರೆ ಮೀನಿನ ಜೊತೆಗೇ ತನ್ನನ್ನೂ ಗುಡಿಸಿ ಹಾಕಿ ಎಂದು ನಕ್ಕಳು. ಭಾವ ನಗಲಿಲ್ಲ.

ಆಗ ನನಗೆ ಜಾಡಿ ನೆನಪಾಯಿತು. ನಾವು ಚಿಕ್ಕವರಿದ್ದಾಗ ಹಿತ್ತಿಲ ಸಿಮೆಂಟು ತೊಟ್ಟಿಯಲ್ಲಿ ಅಕ್ಕ ಗಾಜಿನ ಜಾಡಿಯನ್ನು ಪೂರ್ತಿ ಮುಳುಗಿಸಿ, ತಲೆಕೆಳಗು ಮಾಡಿ, ಬಾಯಿ ಮಾತ್ರ ನೀರಿನೊಳಗೆ ಉಳಿಯುವಂತೆ ಮೇಲೆತ್ತಿದ್ದಳು. ಜಾಡಿಯೊಳಗಿನ ನೀರು ಕೆಳಗಿಳಿಯದೆ ನಿಂತಿತ್ತು. ತೊಟ್ಟಿಯಲ್ಲಿದ್ದ ಒಂದು ಸಣ್ಣ ಮೀನು ಅದರೊಳಗೆ ಹತ್ತಿ, ತೊಟ್ಟಿಯ ನೀರಿಗಿಂತ ಗೇಣು ಎತ್ತರದಲ್ಲಿ ನಿಂತು ನಮ್ಮನ್ನು ನೋಡಿತು. ನೀರು ಯಾಕೆ ಬೀಳುವುದಿಲ್ಲ ಎಂದು ಅಕ್ಕ ಕೇಳಿದ್ದಳು. ತೊಟ್ಟಿಯ ನೀರನ್ನು ಸುತ್ತಲಿನ ಗಾಳಿ ಒತ್ತುತ್ತದೆ, ಆ ಒತ್ತಡವೇ ಜಾಡಿಯ ನೀರನ್ನು ಎತ್ತಿ ಹಿಡಿಯುತ್ತದೆ ಎಂಬ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ ಅವಳು ಪ್ರಶ್ನೆ ಮರೆತಿದ್ದಳು.

ಕೋಣೆಗೂ ಹಾಲಿಗೂ ನಡುವೆ ಎದೆಮಟ್ಟದ ಗೋಡೆ, ಅದರ ಮೇಲೆ ಮರದ ಜಾಲರಿ ಇತ್ತು. ಹಾಲಿನಲ್ಲಿ ಒಂದು ತೊಟ್ಟಿ, ಕೋಣೆಯಲ್ಲಿ ಒಂದು ತೊಟ್ಟಿ, ಎರಡನ್ನೂ ಗೋಡೆಗೆ ಒತ್ತಿ ಇಡುವುದು. ಜಾಲರಿಯ ಒಂದು ತುಂಡು ತೆಗೆದು, ಆ ಸಂದಿನಲ್ಲಿ ಗೋಡೆಯ ಮೇಲಿಂದ ಹಾಯುವ ಒಂದು ಗಾಜಿನ ಸೇತುವೆ ಕೂರಿಸುವುದು. ಸೇತುವೆಯ ಎರಡು ಕಾಲು ಎರಡು ತೊಟ್ಟಿಯ ನೀರಿನಲ್ಲಿ ಮುಳುಗಿರಬೇಕು. ಒಳಗಿನ ಗಾಳಿ ಎಳೆದು ತೆಗೆದರೆ ನೀರು ತಾನಾಗಿ ಮೇಲೇರಿ ಸೇತುವೆ ತುಂಬುತ್ತದೆ, ಮೀನು ಗೋಡೆ ದಾಟುತ್ತದೆ. ಗಾಳಿಯ ಒತ್ತಡ ಮೂವತ್ತು ಅಡಿಗೂ ಮೇಲೆ ನೀರನ್ನು ಎತ್ತಬಲ್ಲದು, ನನಗೆ ಬೇಕಿದ್ದದ್ದು ಒಂದೂವರೆ ಅಡಿ.

ಸುಲಭವೆಂದು ಕಾಣುವ ಲೆಕ್ಕವನ್ನು ನಾನು ನಂಬುವುದಿಲ್ಲ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಹೊರಗಾಳಿ ಸೇತುವೆಯ ಗಾಜನ್ನು ಒಳಕ್ಕೆ ಅದುಮುತ್ತದೆ. ಮೇಲಿನ ಹಲಗೆಯೊಂದರ ಮೇಲೇ ನಲವತ್ತು ಕಿಲೋದಷ್ಟು ಭಾರ. ಸದಾ ನಾನೇ ಅದರ ಮೇಲೆ ಹತ್ತಿ ಕೂತಂತೆ. ಸಾಗರದ ಗಾಜಿನ ಅಂಗಡಿಯವನು ನಾಲ್ಕು ಮಿಲಿಮೀಟರು ಸಾಕು ಮೇಡಂ ಎಂದ. ನಾನು ಎಂಟೇ ಬೇಕೆಂದು ಕೊಯ್ಯಿಸಿದೆ. ನನ್ನ ರೂಮಿನಲ್ಲಿ ಹತ್ತು ದಿನ ಸಿಲಿಕಾನು ಹಚ್ಚಿ, ಒಣಗಿಸಿ, ಸಂದು ಸಂದಿಗೂ ನೀರು ಹೊಯ್ದು ನೋಡಿ, ಹಳೇ ಕಂಬಳಿ ಸುತ್ತಿ ಬಸ್ಸು ಹತ್ತಿದೆ. ದೇವರ ಮಂಟಪವೋ ಎಂದು ಕಂಡಕ್ಟರು ಕೇಳಿದರು. ಹೌದೆಂದೆ.

ಹೊಸನಗರದಲ್ಲಿ ಅಪ್ಪ ನನ್ನ ಜೊತೆ ಬರಲು ಕಾಯುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅಲ್ಲೇ ಹತ್ತಿರದ ಊರಿನಲ್ಲಿದ್ದಾರೆ. ಅವರ ಕಸುಬು ಅಬ್ಬಿ ನೀರಿನ ಲೈನು ಹಾಕುವುದು. ಎಂದರೆ, ಗುಡ್ಡದ ಮೇಲಿನ ಒರತೆಯಿಂದ ಕೆಳಗಿನ ಮನೆಗಳಿಗೆ ಮೋಟರಿಲ್ಲದೆ ಪೈಪಿನಲ್ಲೇ ನೀರಿಳಿಸುವುದು. ನೀರಿನ ವಿಷಯದಲ್ಲಿ ಅವರ ಕೈ ನನ್ನ ಪುಸ್ತಕಕ್ಕಿಂತ ಮುಂದು. ಅಕ್ಕನ ಮನೆಯಲ್ಲಿ ಭಾವ ತೊಟ್ಟಿ, ಸ್ಟ್ಯಾಂಡು ತಂದಿಟ್ಟಿದ್ದರು. ಎರಡು ತೊಟ್ಟಿಯ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಸ್ಟ್ಯಾಂಡುಗಳಲ್ಲಿ ಹೆಚ್ಚುಕಮ್ಮಿಯಾದರೆ ತಗ್ಗಿನ ತೊಟ್ಟಿ ಉಕ್ಕುತ್ತದೆ ಎಂದು ನಾನು ಹೇಳುವ ಮೊದಲೇ ಅವರು ಪಾರದರ್ಶಕ ಟ್ಯೂಬಿಗೆ ನೀರು ತುಂಬಿಸಿ, ಮಟ್ಟ ಹಿಡಿದು, ಸ್ಟ್ಯಾಂಡಿನ ಒಂದು ಕಾಲಿಗೆ ರಟ್ಟಿನ ಚೂರು ಕೊಟ್ಟಿದ್ದರು.

ಸೇತುವೆಯ ನೆತ್ತಿಗೆ ನಾನು ಗ್ಲೂಕೋಸು ಹಾಕುವ ಸಪೂರ ಟ್ಯೂಬು ಅಂಟಿಸಿದ್ದೆ, ಟ್ಯೂಬನ್ನು ಹಿಸುಕಿ ಮುಚ್ಚುವ ಅದರ ಪುಟ್ಟ ಗಾಲಿ ಸಮೇತ. ದೊಡ್ಡ ಸಿರಿಂಜಿನಿಂದ ಗಾಳಿ ಎಳೆದು ಗಾಲಿ ಬಿಗಿ ಮಾಡುವುದು, ಮತ್ತೆ ಎಳೆಯುವುದು. ನೀರು ಎರಡೂ ಕಾಲಿನಲ್ಲಿ ಏರಿ ನಡುವೆ ಸೇರಿತು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಗಾಳಿ ಹಿಡಿದ್ರೆ?"

ಹಿಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಒತ್ತಡ ಕಡಿಮೆಯಾದಲ್ಲಿ ನೀರಿನೊಳಗೆ ಕರಗಿದ ಗಾಳಿ ಗುಳ್ಳೆಯಾಗಿ ಬಿಡಿಸಿಕೊಂಡು ನೆತ್ತಿಗೆ ಸೇರುತ್ತದೆ. ಅದನ್ನು ಹೇಗೆ ತೆಗೆಯಬೇಕೆಂದು ಆಗಲೇ ಪೂರ್ತಿ ಹೇಳಬಹುದಿತ್ತು. ಅಪ್ಪನಿಗೆ ನೀರಿನ ಪಾಠ ಮಾಡುವುದು ನನಗೆ ಮುಜುಗರ. "ನಾನು ನೋಡ್ಕೋತೀನಿ" ಎಂದೆ.

ಎರಡು ಗೋಲ್ಡ್ ಫಿಶ್ಶು, ಮಾಲಿ ಎಂಬ ಐದು ಸಣ್ಣ ಕರಿ ಮೀನು ಬಿಟ್ಟೆವು. ಮೊದಲ ದಿನ ಯಾವುದೂ ಮೇಲೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಬಾಲ ಸ್ವಲ್ಪ ಸೊಟ್ಟಗಿದ್ದ ಒಂದು ಮಾಲಿ ಹಾಲಿನ ಕಡೆಯಿಂದ ಏರಿ, ಗೋಡೆಯ ನೆತ್ತಿಯಲ್ಲಿ ತುಸು ತಡೆದು, ಕೋಣೆಗೆ ಇಳಿಯಿತು. ಅಕ್ಕ ಉಸಿರೇ ಆಡಿಸದೆ ನೋಡುತ್ತಿದ್ದಳು.

ಅಂದಿನಿಂದ ಅವಳು ಕಿಟಕಿಗೆ ಹೋಗಲಿಲ್ಲ. ಯಾವುದು ಎಷ್ಟು ಸಲ ದಾಟಿತೆಂದು ನನಗೆ ಮೆಸೇಜು ಬರುತ್ತಿತ್ತು. ಖೋಖೋ ತಂಡದಂತೆ ಸಾಲು ಮಾಡಿ, ಯಾರು ಎದ್ದರು, ಯಾರು ಕೂತರು ಎಂದು. ಸೊಟ್ಟ ಬಾಲದ್ದು ಕ್ಯಾಪ್ಟನ್. ಹಾಲಿಗೆ ಹೋದ ಮೀನು ಬರುವುದು ತಡವಾದರೆ, ಆ ಕಡೆ ಎಂತ ಮಾಡ್ತಿದೆ ಎಂದು ಭಾವನನ್ನು ಕೂಗಿ ಕೇಳುತ್ತಿದ್ದಳಂತೆ. ನೆತ್ತಿಯಲ್ಲಿ ಸೇರಿದ ಗಾಳಿಗುಳ್ಳೆಯನ್ನು ಪ್ರತಿ ಭಾನುವಾರ ನಾನು ಸಿರಿಂಜಿನಿಂದ ಎಳೆದುಬಿಡುತ್ತಿದ್ದೆ.

ಐದನೇ ವಾರ ಸೆಖೆ ಹೆಚ್ಚಾಯಿತು. ನೀರು ಬಿಸಿಯಾದಷ್ಟೂ ಗಾಳಿ ಬೇಗ ಬಿಡುತ್ತದೆ. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬುಧವಾರದ ಹೊತ್ತಿಗೆ ಗುಳ್ಳೆ ಅಂಗೈಯಷ್ಟಾಗಿತ್ತು. ಅಂದು ಭಾವ ಕೆಲಸಕ್ಕೆ ಹೋಗಿದ್ದರು, ಅಕ್ಕನ ಜೊತೆಗಿದ್ದದ್ದು ಅಪ್ಪ. ಮೀನುಗಳು ದಾಟಲು ಹೆದರುತ್ತಿವೆ, ಗಾಳಿ ಹಿಡಿದಿದೆ ಎಂದು ಅಕ್ಕ ಹೇಳಿದಳಂತೆ. ಅಪ್ಪ ನನಗೆ ಫೋನು ಮಾಡಿದರು. ನಾನು ಕ್ಲಾಸಿನಲ್ಲಿದ್ದೆ, ಎತ್ತಲಿಲ್ಲ.

ಅಬ್ಬಿ ಲೈನಿನಲ್ಲಿ ಪೈಪು ದಿಬ್ಬ ಹತ್ತಿ ಇಳಿಯುವ ಕಡೆ ಗಾಳಿ ನಿಂತು ನೀರು ಕಟ್ಟುತ್ತದೆ. ಆ ದಿಬ್ಬದ ನೆತ್ತಿಯಲ್ಲಿ ಪೈಪಿಗೆ ಸೂಜಿ ಚುಚ್ಚುತ್ತಾರೆ. ಗಾಳಿ ಬುಸ್ಸೆಂದು ಹೊರಗೆ ಹೋಗುತ್ತದೆ, ಹಿಂದೆಯೇ ನೀರು ಚಿಮ್ಮುತ್ತದೆ, ಕಡ್ಡಿ ಸಿಗಿಸಿ ಮುಚ್ಚುತ್ತಾರೆ. ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಕೆಲಸ. ಅಪ್ಪ ಇದನ್ನು ಎಷ್ಟು ಸಲ ಮಾಡಿದ್ದಾರೋ. ಅಂದೂ ಅದನ್ನೇ ಮಾಡಿದರು. ನೆತ್ತಿಯ ಗಾಲಿ ಸಡಿಲಿಸಿದರು.

ಗಾಳಿ ಹೊರಗೆ ಬರಲಿಲ್ಲ, ಒಳಗೆ ಹೋಯಿತು. ಸೇತುವೆಯ ನೀರೆಲ್ಲ ಎರಡು ಪಾಲಾಗಿ ಕುಸಿದು, ಕಂಠಮಟ್ಟ ತುಂಬಿದ್ದ ತೊಟ್ಟಿಗಳು ಎರಡೂ ಕಡೆ ಉಕ್ಕಿದವು. ಉಕ್ಕಿದ ನೀರಿನ ಜೊತೆ ಸೊಟ್ಟ ಬಾಲದ ಮಾಲಿ ಮಂಚದ ಕೆಳಗೆ ಬಿದ್ದು ಒದ್ದಾಡಿತು. ಅಕ್ಕ ಹೊದಿಕೆ ಸರಿಸಿ ಕಾಲು ಕೆಳಗಿಟ್ಟಳು.

ಮಿಕ್ಕಿದ್ದನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. "ಒಂದೇ ಕಾಲು. ನೆಲ ನುಣ್ಣಗಾಗಿತ್ತು, ಬೆರಳು ಜಾರ್ತು. ಅಪ್ಪ ಬಂದು ಎರಡೂ ಭುಜ ಹಿಡಿದು ಒತ್ತಿದ್ರು. ಮೀನು ಸತ್ರೆ ಸಾಯ್ಲಿ, ನೀ ಮಲಗು ಅಂದ್ರು. ನಾ ಮಲಗೋವರೆಗೂ ಕೈ ತೆಗೀಲಿಲ್ಲ ಕಣೆ."

ಬಿದ್ದಿರಲಿಲ್ಲ. ಆದರೂ ಕೆಳಹೊಟ್ಟೆ ಬಿಗಿದಂತೆ ಆಗುತ್ತಿದೆ ಎಂದಳು. ನಾನು ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ಹೊಸನಗರದಲ್ಲಿ ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಕೂರಲಾಗದೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದೆ. ಎಂಟು ಮಿಲಿಮೀಟರಿನ ಗಾಜಿನ ಬಗ್ಗೆ ಹತ್ತು ದಿನ ಯೋಚಿಸಿದವಳು ಅಪ್ಪನಿಗೆ ಒಂದು ವಾಕ್ಯ ಹೇಳಿರಲಿಲ್ಲ. ಆ ವಾಕ್ಯವನ್ನು ಈಗ ಮನಸ್ಸಿನಲ್ಲೇ ಬೇರೆಬೇರೆ ಬಗೆಯಲ್ಲಿ ಹೇಳಿ ನೋಡಿದೆ. ಎಲ್ಲವೂ ಸುಲಭವಾಗಿದ್ದವು.

ನಾನು ಮುಟ್ಟುವ ಹೊತ್ತಿಗೆ ಭಾವ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಹಾಲಿನಲ್ಲಿ ಅಪ್ಪ ಒಬ್ಬರೇ. ನೆಲ ಒರೆಸಿ, ಒದ್ದೆ ಪಂಚೆಯಲ್ಲೇ ಕೂತಿದ್ದರು. ಸೊಟ್ಟ ಬಾಲದ್ದನ್ನು ಎತ್ತಿ ತೊಟ್ಟಿಗೆ ಬಿಟ್ಟಿದ್ದರು, ಬದುಕಿತ್ತು. ಖಾಲಿ ಸೇತುವೆ ಗೋಡೆಯ ಮೇಲಿತ್ತು. ಒಂದೂವರೆ ಗಂಟೆಯ ಮೇಲೆ ಭಾವನ ಫೋನು ಬಂತು. ಹೊಲಿಗೆ ಗಟ್ಟಿಯಿದೆ, ಮಗುವಿನ ಎದೆಬಡಿತ ಸರಿಯಿದೆ, ಎರಡು ದಿನ ಅಲ್ಲೇ ಇರಿಸಿಕೊಂಡು ಕಳಿಸುತ್ತಾರೆ.

ಅಪ್ಪ ಎದ್ದು ಮುಖ ತೊಳೆದು ಬಂದರು. ಆಮೇಲೆ ಕೇಳಿದರು. "ಗಾಳಿ ಹೊರಗೆ ಬರ್ಬೇಕಿತ್ತಲ್ಲ ಮಗಾ?"

"ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಅಪ್ಪ. ನಿಮ್ಮ ಲೈನಿನಲ್ಲಿ ದಿಬ್ಬ ಯಾವಾಗ್ಲೂ ಒರತೆಗಿಂತ ತಗ್ಗಲ್ಲಿರ್ತದೆ, ನೀರು ಒಳಗಿಂದ ದೂಡ್ತದೆ. ಇಲ್ಲಿ ತೊಟ್ಟಿಯೇ ಒರತೆ, ದಿಬ್ಬ ಅದಕ್ಕಿಂತ ಮೇಲೆ, ಬಿಟ್ರೆ ಹೊರಗಾಳಿ ಒಳಗೆ ನುಗ್ತದೆ. ನಾನು ಅವತ್ತೇ ಹೇಳ್ಬೇಕಿತ್ತು."

ಅವರು ಸೇತುವೆಯ ನೆತ್ತಿಯ ಗಾಲಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಮತ್ತೆ ನಿಧಾನವಾಗಿ ಒಂದು ಹಳೇ ಲೈನಿನ ಕಥೆ ತೆಗೆದರು. ನಾನು ಹುಟ್ಟುವ ಮೊದಲಿನದು. ಒಂದು ಮನೆಗೆ ನೀರು ತರಲು ಒರತೆಗಿಂತ ಆಳೆತ್ತರ ಮೇಲಿದ್ದ ದರೆಯ ಮಣ್ಣುದಿಬ್ಬವನ್ನು ಹತ್ತಿಸಿ ಪೈಪು ಹಾಕಿದ್ದರಂತೆ. ಪೈಪಿಗೆ ಕೊಡದಿಂದ ನೀರು ತುಂಬಿಸಿ ಬಿಟ್ಟಾಗ ನಾಲ್ಕು ದಿನ ಚೆನ್ನಾಗಿ ಬಂತು. ಆಮೇಲೆ ಸಣ್ಣಗಾಯಿತು. ಗಾಳಿ ಹಿಡಿದಿದೆಯೆಂದು ದರೆಯ ಮೇಲೆ ಸೂಜಿ ಚುಚ್ಚಿದರು, ಇದ್ದ ನೀರೂ ನಿಂತಿತು. ಪೈಪು ಕೆಟ್ಟದ್ದೆಂದು ಬದಲಾಯಿಸಿ ಮತ್ತೆ ಚುಚ್ಚಿದರು, ಮತ್ತೆ ನಿಂತಿತು. ಕೊನೆಗೆ ಪಕ್ಕದವರ ಗದ್ದೆಯ ಬದುವಿನಲ್ಲಿ ಅವರಿವರನ್ನು ಬೇಡಿಕೊಂಡು ಪೈಪು ಸುತ್ತಿಸಿದರು.

"ಆ ಮನೆಯವ್ರು ಈಗ್ಲೂ ಸಿಕ್ರೆ ಆಡ್ಕೋತಾರೆ, ನಿನ್ನ ಸೂಜಿ ತಂದಿದೀಯಾ ಅಂತ" ಎಂದು ಅಪ್ಪ ಹೇಳಿದರು. ನಗಲು ನೋಡಿದರು, ಆಗಲಿಲ್ಲ. "ಇಷ್ಟು ವರ್ಷ ಗೊತ್ತಾಗಿರ್ಲಿಲ್ಲ."

ಅಕ್ಕ ಬರುವ ಮೊದಲು ಸೇತುವೆ ಬಿಚ್ಚಿ ಒಯ್ಯುತ್ತೇನೆ ಎಂದೆ. ಭಾವನೂ ಅದೇ ಸರಿ ಎಂದರು. ಆಸ್ಪತ್ರೆಯ ಮಂಚದಿಂದ ಅಕ್ಕ ಕಳಿಸಿದ ಮೆಸೇಜಿನಲ್ಲಿ ಒಂದೇ ಸಾಲಿತ್ತು: ಅದನ್ನು ತೆಗೆದರೆ ನಾನು ಎದ್ದು ಓಡಾಡುತ್ತೇನೆ.

ತೊಟ್ಟಿಗಳ ನೀರನ್ನು ಮೂರು ಬೆರಳು ತಗ್ಗಿಸಿದೆ, ಸೇತುವೆ ಮತ್ತೆ ಕುಸಿದರೂ ಉಕ್ಕದಷ್ಟು. ಕಾಲುಗಳು ಮುಳುಗಿರುವಂತೆ ಗಾಜಿನ ಪಟ್ಟಿ ಅಂಟಿಸಿ ಉದ್ದ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಸಿರಿಂಜು ಹುಡುಕುತ್ತಿದ್ದಾಗ ಅಪ್ಪ ನೆತ್ತಿಯ ಟ್ಯೂಬನ್ನು ಬಾಯಿಗಿಟ್ಟು ಎಳೆಯತೊಡಗಿದ್ದರು. ಎಳೆದು, ಬೆರಳಲ್ಲಿ ಗಾಲಿ ತಿರುಗಿಸಿ ಬಿಗಿ ಮಾಡಿ, ಉಸಿರು ಬಿಟ್ಟು, ಮತ್ತೆ ಎಳೆದರು. ನೀರು ಎರಡೂ ಕಾಲಿನಲ್ಲಿ ಏರಿತು. ಇನ್ನು ಮೇಲೆ ವಾರದ ನಡುವೆ ತಾನೇ ಬಂದು ಗಾಳಿ ತೆಗೆಯುತ್ತೇನೆ ಎಂದರು. ಹಾಗೇ ಬಂದರು, ಉಳಿದ ಒಂಬತ್ತು ವಾರವೂ.

ಮಗಳು ಹುಟ್ಟಿದ್ದು ಮೂವತ್ತೇಳನೇ ವಾರದಲ್ಲಿ. ಆಸ್ಪತ್ರೆಯಿಂದ ಬಂದ ದಿನ ಅಕ್ಕ ಹಿಂಬಾಗಿಲು ಬೇಡವೆಂದು ಹಟ ಹಿಡಿದು ಆರು ಮೆಟ್ಟಿಲು ಹತ್ತಿದಳು, ಪ್ರತಿ ಮೆಟ್ಟಿಲಿಗೂ ನಿಂತು. ಒಳಗೆ ಬಂದವಳು ಮಗುವನ್ನು ಅಪ್ಪನ ಕೈಗೆ ಕೊಟ್ಟು ನೇರ ಹಾಲಿನ ತೊಟ್ಟಿಯ ಮುಂದೆ ನಿಂತಳು. ಹದಿನಾಲ್ಕು ವಾರ ಅವಳು ನೋಡಿದ್ದು ಸೇತುವೆಯ ಒಂದೇ ತುದಿಯನ್ನು. ಈ ಕಡೆ ಇದ್ದದ್ದು ಅಂಥದೇ ತೊಟ್ಟಿ, ಹಿಡಿ ಜಲ್ಲಿಕಲ್ಲು, ಒಂದು ಪಾಚಿ ಗಿಡ, ಹಿಂದೆ ಭಾವನ ಹೆಲ್ಮೆಟ್ಟು.

"ಇಷ್ಟೇಯಾ?" ಎಂದಳು. "ಇದನ್ನ ನೋಡೋಕೆ ಅವು ದಿನಾ ಅಷ್ಟೊಂದ್ಸಲ ಬರ್ತಿದ್ವಾ?"

ಸೊಟ್ಟ ಬಾಲದ್ದು ಆಗ ಸೇತುವೆಯ ನೆತ್ತಿಯಲ್ಲಿತ್ತು. ಅದು ಕೋಣೆಯ ಕಡೆಗೆ ಇಳಿಯಿತು. ಅದು ಎಲ್ಲಿಗೆ ಹೋಯಿತೆಂದು ನೋಡಲು ಅಕ್ಕ ಗೋಡೆ ಬಳಸಿ ಬಾಗಿಲು ದಾಟಿ ಆ ಕಡೆ ಹೋದಳು, ಮತ್ತೆ ಈ ಕಡೆ ಬಂದಳು. ಕೂತ್ಕೋ ಎಂದು ಯಾರೂ ಹೇಳಲಿಲ್ಲ.