ಅಬ್ಬಿ ಡಾಕ್ಟರಿಗೆ ಹೇಳಿದ ಸುಳ್ಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಶಾಲೆ ಕೊಕ್ಕರ್ಣೆ ಕಡೆ, ಮನೆ ಬ್ರಹ್ಮಾವರದಲ್ಲಿ. ಬಾಡಿಗೆಯದು, ಮೇಲಿನ ಮಹಡಿ. ಖನಿಜಾಂಶಗಳ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಮೂಳೆ ಒಮ್ಮೆ ಬೆಳೆದು ಸುಮ್ಮನಾಗುವ ವಸ್ತುವಲ್ಲ, ದೊಡ್ಡವರಾದ ಮೇಲೂ ಅದು ಸವೆಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ, ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ ಎಂದೆಲ್ಲ ಹೇಳುವಾಗ ನನ್ನ ದನಿ ನನಗೇ ಚೆಂದ ಕೇಳುತ್ತದೆ. ಹೋದ ವರ್ಷ ತಾಯಂದಿರ ಸಭೆಯಲ್ಲೂ ಇದನ್ನೇ ಮಾತಾಡಿದೆ. ರಾಗಿ, ಎಳ್ಳು, ನುಗ್ಗೆಸೊಪ್ಪು ಎಂದೆ. "ಮೀನು ತಿನ್ನುವವರು ಸಣ್ಣ ಮೀನನ್ನು ಮುಳ್ಳು ಸಮೇತ ಅಗಿದು ತಿನ್ನಿ, ಮುಳ್ಳಿನಲ್ಲೇ ಇರುವುದು ಕ್ಯಾಲ್ಸಿಯಂ" ಎಂದೂ ಹೇಳಿದೆ. ಅತಿಥಿಯಾಗಿ ಬಂದಿದ್ದ ಮೂಳೆ ಡಾಕ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಆ ಹೊತ್ತಿಗೆ ನನ್ನ ಮನೆಯಲ್ಲಿ ಮೀನು ಬೇಯದೆ ಮೂರು ವರ್ಷ ಆಗಿತ್ತು. ನಾನು ಬೇಯಿಸಲು ಬಿಟ್ಟಿರಲಿಲ್ಲ ಎಂದು ಬರೆಯುವುದೇ ಸರಿ.

ಅಬ್ಬಿ, ಅಂದರೆ ನನ್ನ ತಾಯಿ, ಶಿರೂರಿನವಳು. ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಗುಡ್ಡದ ಕಡೆಯ ಮನೆಗಳಿಗೆ ನಡೆದವಳು. ಮನೆಯಲ್ಲಿ ಹೆಚ್ಚಾಗಿ ಬೈಗೆ ಮೀನು, ಅಂದರೆ ಬೂತಾಯಿ. ತಿರುಳೆಲ್ಲ ನಮಗೆ ಮಕ್ಕಳಿಗೆ. ನಾವು ಬಟ್ಟಲಿನ ಬದಿಗೆ ಸರಿಸಿದ ಮುಳ್ಳು, ತಲೆಗಳನ್ನು ಅವಳು ಒಟ್ಟುಮಾಡಿ ಮತ್ತೆ ಕಾವಲಿಗೆ ಹಾಕಿ, ಗರಿಗರಿ ಆಗುವವರೆಗೆ ಹುರಿದು, ಗಂಜಿಯ ಜೊತೆ ಅಗಿಯುತ್ತಿದ್ದಳು. ಆ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತೇನೋ. ಕಾಲೇಜಿಗೆ ಹೋಗತೊಡಗಿದ ಮೇಲೆ ನನಗೆ ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಅವಳು ಅದನ್ನು ರುಚಿಗೆ ತಿನ್ನುತ್ತಿದ್ದಳೋ, ತಿರುಳು ನಮಗಾಗಲೆಂದೋ, ನಾನು ಯಾವತ್ತೂ ಕೇಳಲಿಲ್ಲ.

ಮೊಣಕಾಲು ನೋವು ಹೆಚ್ಚಾಗಿ ವ್ಯಾಪಾರ ಬಿಟ್ಟ ಮೇಲೆ ಅವಳು ನನ್ನ ಜೊತೆಗೆ ಬಂದಳು. ನನ್ನ ಗಂಡ ಮುಂಬೈಯಲ್ಲಿ ಕ್ಯಾಂಟೀನ್ ನಡೆಸುತ್ತಾರೆ, ಮನೆಯಲ್ಲಿ ನಾವಿಬ್ಬರೇ. ಬಂದ ಮೊದಲ ದಿನವೇ ಅವಳಿಗೆ ಹೇಳಿದೆ, ಕೆಳಗಿನ ಮನೆಯವರು ಮೀನು ತಿನ್ನದವರು, ಇಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದು. ಕೆಳಗಿದ್ದ ಮನೆಯ ಯಜಮಾನಿ ಒಂದು ದಿನವೂ ಹಾಗೆ ಹೇಳಿದವರಲ್ಲ. ಆ ಕಾನೂನು ಮಾಡಿದ್ದು ನಾನು. ನಾನು ಮೀನು ಮಾರುವವಳ ಮಗಳೆಂದು ಶಾಲೆಯಲ್ಲಾಗಲಿ ಆ ಬೀದಿಯಲ್ಲಾಗಲಿ ಯಾರಿಗೂ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ಅಬ್ಬಿ ಎಂದು ಕರೆದವಳು ನಾಲ್ಕು ಜನರ ಎದುರಿಗೆ ಅಮ್ಮ ಎನ್ನತೊಡಗಿದೆ. ಅವಳು ತಿರುಗಿ ನೋಡಲು ಒಂದು ಗಳಿಗೆ ತಡವಾಗುತ್ತಿತ್ತು.

ಒಂದು ಭಾನುವಾರ ಸ್ಕೂಟರಿನಲ್ಲಿ ಮೀನು ಮಾರುವವನು ಹಾರ್ನ್ ಬಾರಿಸುತ್ತ ಬಂದ. ಅಬ್ಬಿ ಬಾಲ್ಕನಿಯಿಂದ ಅರ್ಧ ಮೈ ಹೊರಗೆ ಹಾಕಿ, "ಹ್ವಾಯ್, ಎಂತ ಮೀನ್ ಇತ್ತಾ ಇವತ್ತ್? ಬೈಗೆ ಇದ್ರೆ ಕಿವಿರ್ ತೆಗ್ದ್ ತೋರ್ಸ್ ಕಾಂಬ!" ಎಂದು ಕೂಗಿದಳು. ಬೀದಿಗೆ ಬೀದಿಯೇ ತಿರುಗಿತು. ಕೆಳಗೆ ಯಜಮಾನಿ ನಗುತ್ತ ನಿಂತಿದ್ದರು. ನಾನು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದು, "ಇದು ಶಿರೂರ್ ಅಲ್ಲ, ನನ್ ಮರ್ಯಾದಿ ತೆಗೀಬೇಡ" ಎಂದೆ. ಅವತ್ತಿನಿಂದ ಅವಳು ಬಾಲ್ಕನಿಗೆ ಬರುವುದನ್ನೂ ಬಿಟ್ಟಳು. ದಿನವಿಡೀ ಬಿಸಿಲಿನಲ್ಲಿ ನಡೆದ ಹೆಂಗಸು ಒಳಕೋಣೆಯಲ್ಲಿ ಟಿವಿ ನೋಡುತ್ತ ಕೂತಳು. ಹಾಲು ಅವಳಿಗೆ ಆಗಿಬರುವುದಿಲ್ಲ, ಕುಡಿದರೆ ಹೊಟ್ಟೆ ಉಬ್ಬುತ್ತದೆ. ರಾಗಿ ಮಾಡಿಕೊಡಲು ನನಗೆ ಬೆಳಗ್ಗೆ ಪುರುಸೊತ್ತಿಲ್ಲ. ಅನ್ನ, ತಿಳಿಸಾರು, ಉಪ್ಪಿನಕಾಯಿ, ಹಾಲಿಲ್ಲದ ಚಾ: ಇಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು. ಪಾಠ ಮಾಡುವ ನನ್ನ ಕಣ್ಣಿಗೆ ಇದು ಬೀಳಲಿಲ್ಲವೇ ಎಂದರೆ, ಬಿತ್ತು. ಬಿದ್ದರೂ ಸುಮ್ಮನಿದ್ದೆ.

ಈ ಮಳೆಗಾಲದಲ್ಲಿ ಅವಳು ಹೊಸಿಲು ಎಡವಿ ಬಲಗೈ ಊರಿದಳು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಕರೆದುಕೊಂಡು ಹೋದದ್ದು ಅದೇ ಮೂಳೆ ಡಾಕ್ಟರ ಹತ್ತಿರ. ಪ್ಲಾಸ್ಟರ್ ಹಾಕಿ, ಕೆಲವು ದಿನ ಬಿಟ್ಟು ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಪರೀಕ್ಷೆ ಮಾಡಿಸಿದರು. ವರದಿ ಹಿಡಿದು ಮುಖ ಸಣ್ಣದು ಮಾಡಿ ಅಬ್ಬಿಯನ್ನು ಕೇಳಿದರು, "ಊಟಕ್ಕೆ ಎಂತೆಲ್ಲ ತಿಂತೀರಿ? ಹಾಲು, ಮೀನು?"

ಅಬ್ಬಿ ನನ್ನ ಕಡೆ ನೋಡಲೂ ಇಲ್ಲ.

"ಮೀನ್ ಇಲ್ದೆ ನಂಗೆ ಊಟ ಸೇರತ್ತಾ ಡಾಕ್ಟ್ರೇ? ದಿನಾ ಬೈಗೆ. ಮಗಳೇ ಮುಳ್ಳ್ ಸಮೇತ ಹುರ್ದ್ ಕೊಡ್ತ್ಲ್. ಬೆಳಿಗ್ಗೆ ರಾಗಿನೂ ಇತ್ತ್."

"ಟೀಚರ್ ಮನೆ ಊಟ, ನಾನು ಕೇಳಿದ್ದೇ ತಪ್ಪು" ಎಂದು ಡಾಕ್ಟರು ನನ್ನ ಕಡೆ ನೋಡಿ ನಕ್ಕರು. "ನಿಮ್ಮ ಅವತ್ತಿನ ಭಾಷಣ ನನಗೆ ನೆನಪಿದೆ." ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸುತ್ತದೆ.

ಆಮೇಲೆ ಅವರು ಗಂಭೀರವಾದರು. ಇಷ್ಟೆಲ್ಲ ಹೊಟ್ಟೆಗೆ ಹೋಗುತ್ತಿದ್ದೂ ಮೂಳೆ ಹೀಗಿದೆ ಅಂದರೆ ಬೇರೆ ಏನಾದರೂ ಕಾಯಿಲೆ ಇರಬಹುದು, ಇಲ್ಲವೇ ತಿಂದದ್ದು ಮೈಗೆ ಹತ್ತುತ್ತಿಲ್ಲ, ನೋಡೋಣ ಎಂದು ಒಂದು ಚೀಟಿ ತುಂಬ ರಕ್ತ ಪರೀಕ್ಷೆ ಬರೆದರು. ಹಾಗೇನಿಲ್ಲ ಡಾಕ್ಟ್ರೇ ಎನ್ನಲು ನನಗೆ ಒಂದು ನಿಮಿಷ ಸಾಕಿತ್ತು. ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮನೆಗೆ ಬಂದ ಮೇಲೆ ಅಬ್ಬಿ ಕುರ್ಚಿಯಿಂದ ಏಳಲಿಲ್ಲ. "ಹೆಣೆ, ನಂಗೆ ಎಂತದೋ ದೊಡ್ಡ್ ಕಾಯ್ಲಿ ಇತ್ತಾ? ಡಾಕ್ಟ್ರ್ ಮುಖ ಕಂಡ್ಯಾ ನೀನ್?" ಎಂದು ಕೇಳಿದಳು. ಇಲ್ಲ ಎಂದೆ. ಮಾರನೆಯ ದಿನವೂ ಕೇಳಿದಳು. ತನ್ನ ಸುಳ್ಳಿನಿಂದಲೇ ಡಾಕ್ಟರಿಗೆ ಅನುಮಾನ ಬಂದದ್ದು ಎಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆದದ್ದು ನನಗೆ. ರಕ್ತ ಕೊಡುವಾಗ ಸೂಜಿಗೆ ಹೆದರದವಳು ವರದಿಯ ಕಾಗದಕ್ಕೆ ಹೆದರಿದಳು. ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟು, ನಾನು ಹೋದ ಮೇಲೆ ನೀನು ಹಾಕಿಕೋ ಎಂದಳು. ಐದು ದಿನ ಹೀಗೆ ನಡೆಯಿತು. ಐದು ದಿನವೂ ನಾನು ಶಾಲೆಗೆ ಹೋಗಿ ಪಾಠ ಮಾಡಿ ಬಂದೆ.

ಆರನೆಯ ದಿನ ಡಾಕ್ಟರು ವರದಿಗಳನ್ನು ತಿರುವಿ ಹಾಕಿದರು. ವಿಟಮಿನ್ ಡಿ ತುಂಬ ಕಡಿಮೆ ಇದೆ, ಬೇರೆ ಏನೂ ಸಿಗಲಿಲ್ಲ, ಉಡುಪಿಗೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಿ ಎಂದರು. ಸ್ಕ್ಯಾನ್ ಎಂಬ ಶಬ್ದಕ್ಕೆ ಅಬ್ಬಿಯ ಎಡಗೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆ ಕೈ ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ಡಾಕ್ಟ್ರೇ, ಇವಳು ಹೇಳಿದ್ದು ಸುಳ್ಳು. ನಾಲ್ಕು ವರ್ಷದಿಂದ ನನ್ನ ಮನೆಯಲ್ಲಿ ಮೀನಿಲ್ಲ, ಹಾಲಿಲ್ಲ, ರಾಗಿ ಇಲ್ಲ. ಬಿಸಿಲಿಗೂ ನಾನು ಬಿಟ್ಟಿಲ್ಲ" ಎಂದೆ. ಹೇಳುವಾಗ ಪಾಠ ಮಾಡುವ ದನಿ ಬರಲಿಲ್ಲ, ಬೇರೆ ಯಾರದೋ ದನಿ ಬಂತು.

ಅವರು ವರದಿಗಳನ್ನು ಮಡಚಿ ಬದಿಗಿಟ್ಟರು. ಬೈದಿದ್ದರೆ ವಾಸಿಯಿತ್ತು. ಸ್ಕ್ಯಾನ್ ಸದ್ಯಕ್ಕೆ ಬೇಡ, ಇದು ದೊಡ್ಡ ಕಾಯಿಲೆ ಅನ್ನಿಸುವುದಿಲ್ಲ ಎಂದು ಅಬ್ಬಿಗೆ ಸಮಾಧಾನ ಹೇಳಿ, ಮಾತ್ರೆ ಬರೆದು, ಏನು ತಿನ್ನಬೇಕೆಂದು ತಿಳಿಸಿದರು. ನನಗೂ ಹೇಳಿದರು: ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುವುದೇ ಹೆಚ್ಚು, ವಯಸ್ಸೂ ಆಗಿದೆ, ನಾಲ್ಕು ವರ್ಷದ ಊಟದಿಂದಲೇ ಹೀಗಾಯಿತು ಎನ್ನಲು ಬರುವುದಿಲ್ಲ. ಅದು ನಿಜವೇ ಇರಬಹುದು. ನಾನು ಅದನ್ನು ಹಿಡಿದುಕೊಂಡು ನೆಮ್ಮದಿಯಾಗಿರಲು ನೋಡಿದೆ, ಆಗಲಿಲ್ಲ.

ರಿಕ್ಷಾದಲ್ಲಿ ಅಬ್ಬಿ ನನ್ನ ಮೇಲೆ ಸಿಟ್ಟಾದಳು. ಕಾಯಿಲೆ ಇಲ್ಲ ಎಂದದ್ದಕ್ಕೆ ಖುಷಿಪಡುವುದು ಬಿಟ್ಟು, "ನಿಂಗೆ ಬುದ್ಧಿ ಇತ್ತಾ? ಡಾಕ್ಟ್ರ್ ಇನ್ನ್ ನಿನ್ ಬಗ್ಗೆ ಎಂತ ತಿಳ್ಕಣ್ತ್ರ್? ನಾನ್ ಮುಚ್ಚಿಟ್ಟದ್ದನ್ನ ನೀನ್ ಎಂತಕ್ ಬಿಚ್ಚಿದ್ದ್?" ಎಂದು ಗದರಿದಳು.

ಆ ವಾರದ ಭಾನುವಾರ ಪೇಟೆಗೆ ಹೋಗಿ ಮೀನು ತಂದೆ. ತೊಳೆಯಲು, ಮಸಾಲೆ ಅರೆಯಲು ಕೈ ತಪ್ಪಿಹೋಗಿತ್ತು. ಅಬ್ಬಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಮಧ್ಯಾಹ್ನ ಅನ್ನ, ಸಾರು ಬಡಿಸಿದೆ. ಅವಳ ಬಲಗೈ ಪ್ಲಾಸ್ಟರಿನಲ್ಲಿತ್ತು, ಹಾಗಾಗಿ ನಾನೇ ಕಲಸಿ ತುತ್ತು ಎತ್ತಿದೆ. ಅವಳು ಬಾಯಿ ತೆರೆಯಲಿಲ್ಲ.

"ತಡಿ, ಮೊದ್ಲ್ ಆ ಕಿಟ್ಕಿ ಹಾಕ್ಕ್. ವಾಸ್ನಿ ಕೆಳಗ್ ಹೋತ್ತ್."

"ಹೋಗಲಿ ಅಬ್ಬಿ, ಈಗ ಯಾರೂ ಏನೂ ಅನ್ನೋದಿಲ್ಲ."

"ಅವ್ರ್ ಅನ್ನುದ್ ಬ್ಯಾಡ. ನಿಂಗೆ ನಾಚ್ಕಿ ಆತ್ತಲ್ದಾ" ಎಂದು ಅವಳು ಗೋಡೆ ಹಿಡಿದು ಎದ್ದಳು. ಪ್ಲಾಸ್ಟರಿನ ಕೈಯಿಂದ ಕಿಟಕಿಯ ಬಾಗಿಲನ್ನು ಒತ್ತಿ ಹಿಡಿದು, ಎಡಗೈಯಲ್ಲಿ ಚಿಲಕ ಹಾಕಿ, ಸರಿಯಾಗಿ ಬಿತ್ತೋ ಎಂದು ಒಮ್ಮೆ ಎಳೆದು ನೋಡಿದಳು. ಮತ್ತೆ ಬಂದು ನನ್ನ ಎದುರಿಗೆ ಕೂತು ಬಾಯಿ ತೆರೆದಳು.